ತಗಡಣ್ಣನ ತುಟಿ

ಕಳೆದ ತಿಂಗಳು ವಾರಪತ್ರಿಕೆಯೊಂದು ನನ್ನ ಭಾವಮೈದುನನ ಬಗ್ಗೆ ಒಂದು ಪುಟದ ಲೇಖನವನ್ನು ಪ್ರಕಟಿಸಿತು. ಶೀರ್ಷಿಕೆ: ‘ಬೆಳ್ಳಿತೆರೆಯಿಂದ ಕಿರುತೆರೆಗೆ ಜಾರಿದ ತಾರೆ’. ಇಷ್ಟು ಸಣ್ಣ ಶೀರ್ಷಿಕೆಯಲ್ಲಿಯೇ ಎರಡು ತಪ್ಪುಗಳಿವೆ. ಅವನು ತಾರೆಯಾಗಿರಲಿಲ್ಲ, ಮತ್ತು ಅವನು ಎಲ್ಲಿಂದಲೂ ಜಾರಲಿಲ್ಲ. ಅಂತರಿಕ್ಷದ ಚಿತ್ರಗಳಲ್ಲಿ ಅವನು ‘ತನ್ನ ಗಂಭೀರ ಕಂಠದಿಂದ ಮನೆಮಾತಾಗಿದ್ದ’ನೆಂದು ಲೇಖನ ಹೇಳುತ್ತದೆ. ಆ ಚಿತ್ರಗಳಲ್ಲಿ ಅವನ ಕಂಠ ಒಂದು ಕ್ಷಣವೂ ಕೇಳಿಸುವುದಿಲ್ಲ. ಈಗಿನ ಧಾರಾವಾಹಿಯ ಇನ್ಸ್‌ಪೆಕ್ಟರ್ ಪಾತ್ರಕ್ಕಾಗಿ ಪೊಲೀಸ್ ಠಾಣೆಗಳಲ್ಲಿ ಕುಳಿತು ಅಧ್ಯಯನ ನಡೆಸಿದನಂತೆ. ಅವನು ಠಾಣೆಯ ಮೆಟ್ಟಿಲು ಹತ್ತಿದ್ದು ಜೀವಮಾನದಲ್ಲಿ ಒಮ್ಮೆ, ಕಳೆದುಹೋದ ಸೈಕಲ್ಲಿನ ಸಲುವಾಗಿ. ಸೈಕಲ್ ಸಿಗಲಿಲ್ಲ.

ಸಂಪಾದಕರಿಗೆ ಬರೆದೆ; ಉತ್ತರವಿಲ್ಲ. ನಾನು ನ್ಯಾಯಾಲಯದ ಶೀಘ್ರಲಿಪಿಕಾರನಾಗಿ ನಿವೃತ್ತನಾದವನು. ಜನ ಏನು ಆಡಿದರೋ ಅದನ್ನೇ, ಆಡಿದ ಹಾಗೆಯೇ, ಬರೆದುಕೊಳ್ಳುವುದು ನನ್ನ ವೃತ್ತಿಯಾಗಿತ್ತು. ಒಬ್ಬ ಮನುಷ್ಯನ ಬದುಕಿನ ಬಗ್ಗೆ ಹೀಗೆ ಬಾಯಿಗೆ ಬಂದದ್ದನ್ನು ಅಚ್ಚು ಹಾಕಿ ಕೈ ತೊಳೆದುಕೊಳ್ಳುವುದನ್ನು ನೋಡಿ ಸುಮ್ಮನಿರಲು ನನ್ನಿಂದಾಗದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಅವನು ನನ್ನ ಹೆಂಡತಿಯ ಒಬ್ಬನೇ ತಮ್ಮ. ನೀಳ ಕತ್ತಿನ ಎತ್ತರದ ಆಳು. ಯಾರಾದರೂ ತಮಾಷೆ ಹೇಳಲು ತೊಡಗಿದರೆ ಅದು ಮುಗಿಯುವ ಮೊದಲೇ ನಕ್ಕುಬಿಡುವ ಸ್ವಭಾವ. ತರುಣನಾಗಿದ್ದಾಗ ಹವ್ಯಾಸಿ ನಾಟಕಗಳಲ್ಲಿ ಬಾಗಿಲು ತೆರೆದು ‘ಯಾರೋ ಬಂದಿದ್ದಾರೆ’ ಎನ್ನುವ ಸೇವಕನ ಪಾತ್ರ ಅವನದಾಗಿತ್ತು. ಆ ದಿನಗಳಲ್ಲಿ ಅಂತರಿಕ್ಷದ ಚಿತ್ರವೊಂದನ್ನು ತೆಗೆಯುತ್ತಿದ್ದವರಿಗೆ ಯಂತ್ರಮಾನವನ ಕವಚದೊಳಗೆ ತುಂಬಲು ಎತ್ತರದ ಒಬ್ಬ ಮನುಷ್ಯ ಬೇಕಾಗಿದ್ದ. ಇವನು ಹೋದ. ನಟನೆಯ ಪರೀಕ್ಷೆ ಯಾರೂ ಮಾಡಲಿಲ್ಲ. ದರ್ಜಿಯೊಬ್ಬ ಬಂದು ಅಳತೆ ಪಟ್ಟಿ ಹಿಡಿದ, ತಲೆಯಾಡಿಸಿದ. ಅಷ್ಟಕ್ಕೆ ಆಯ್ಕೆ ಮುಗಿಯಿತು.

ಆ ಕವಚವನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಮ್ಮೆ ಒಳಗೆ ಹೊಕ್ಕರೆ ಕೂರುವಂತಿಲ್ಲ, ಬಗ್ಗುವಂತಿಲ್ಲ. ಬಿಡುವಿನಲ್ಲಿ ಅವನನ್ನು ಓರೆಯಾಗಿ ನಿಲ್ಲಿಸಿದ ಹಲಗೆಗೆ, ಏಣಿಯನ್ನು ಗೋಡೆಗೆ ಒರಗಿಸುವಂತೆ, ಒರಗಿಸಿ ಹೋಗುತ್ತಿದ್ದರು. ಮೂಗು ತುರಿಸಿದರೆ ಸಂಜೆ ಕವಚ ಕಳಚುವವರೆಗೆ ಸಹಿಸಬೇಕು. ಮಾತು ಬೇರೊಬ್ಬರದು, ಆಮೇಲೆ ಸೇರಿಸಿದ್ದು. ಯಂತ್ರಮಾನವ ಪ್ರಸಿದ್ಧನಾದ, ಅಂಗಡಿಗಳಲ್ಲಿ ಅವನ ಗೊಂಬೆಗಳು ಬಂದವು. ಒಳಗಿದ್ದವನನ್ನು ಬೀದಿಯ ನಾಯಿಯೂ ಗುರುತಿಸಲಿಲ್ಲ. ಮನೆಯವರು ಪ್ರೀತಿಯಿಂದ ‘ತಗಡಣ್ಣ’ ಎಂದು ಕರೆಯತೊಡಗಿದೆವು, ಬೀದಿಯವರೂ ಅದನ್ನೇ ಕಲಿತರು.

ಮೊದಲ ಚಿತ್ರಕ್ಕೆ ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆವು. ಕತ್ತಲೆಯಲ್ಲಿ ಅವರು ಮಗನ ತೋಳು ಹಿಡಿದು ಕೇಳಿದರು:

“ಎಲ್ಲೋ ನೀನು?”

“ಅದೇ ಅಮ್ಮ, ಅಲ್ಲಿ ಹೊಳೀತಿದೆಯಲ್ಲ.”

“ಹೊಳಿಯೋದು ನಂಗೂ ಕಾಣತ್ತೆ ಕಣೋ. ನೀನೆಲ್ಲಿ?”

ಸುತ್ತ ಕುಳಿತವರು ನಕ್ಕರು. ಅವನೂ ನಕ್ಕ. ಆದರೆ ಹೊರಗೆ ಬಂದ ಮೇಲೆ ನನ್ನೊಡನೆ, “ಭಾವ, ಒಂದೇ ಒಂದ್ಸಲ ಮುಖ ತೋರ್ಸೋ ಪಾತ್ರ ಸಿಕ್ಕಿದ್ರೆ ಸಾಕು” ಎಂದದ್ದು ನನಗೆ ಚೆನ್ನಾಗಿ ನೆನಪಿದೆ.

ಆ ಚಿತ್ರಗಳ ನಾಯಕ ಅಂತರಿಕ್ಷ ನೌಕೆಯ ಮುಖ್ಯಸ್ಥನ ಪಾತ್ರಧಾರಿ. ಎಲ್ಲರೂ ಅವರನ್ನು ಇಂದಿಗೂ ಕ್ಯಾಪ್ಟನ್ ಎಂದೇ ಕರೆಯುತ್ತಾರೆ. ರೂಪವಂತ, ಗತ್ತಿನ ಮನುಷ್ಯ. ಜ್ಞಾಪಕಶಕ್ತಿ ಮಾತ್ರ ಜರಡಿ. ಅರ್ಧ ವಾಕ್ಯ ಹೇಳಿ ನಿಂತುಬಿಡುತ್ತಿದ್ದರು. ಯಂತ್ರಮಾನವ ಪ್ರತಿ ದೃಶ್ಯದಲ್ಲೂ ಅವರ ಎಡಗಡೆ ನಿಲ್ಲಬೇಕಾಗಿತ್ತು. ಕವಚದೊಳಗೆ ಸರಿಯಾಗಿ ಏನೂ ಕಾಣಿಸದ ಕಾರಣ, ಯಾವಾಗ ಕೈ ಎತ್ತಬೇಕೆಂದು ತಿಳಿಯಲು ನಮ್ಮ ತಗಡಣ್ಣ ಕ್ಯಾಪ್ಟನ್ನರ ಮಾತುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ. ಒಂದು ದಿನ ಕ್ಯಾಪ್ಟನ್ ತಡವರಿಸಿದಾಗ ತಗಡಿನೊಳಗಿನಿಂದ ಮುಂದಿನ ಮಾತು ಪಿಸುಗುಟ್ಟಿತು. ಕ್ಯಾಪ್ಟನ್ ಅದನ್ನು ಎತ್ತಿಕೊಂಡು ಮುಗಿಸಿದರು. ಧ್ವನಿಯನ್ನು ಆಮೇಲೆ ಹೊಸದಾಗಿ ಸೇರಿಸುತ್ತಿದ್ದುದರಿಂದ ಯಾರಿಗೂ ತಿಳಿಯಲಿಲ್ಲ. ದೃಶ್ಯ ಮುಗಿದಾಗ ಕ್ಯಾಪ್ಟನ್ ಕವಚದ ಎದೆಯನ್ನು ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, “ಒಳಗಿರೋನೇ, ಬದುಕಿಸ್ದೆ” ಎಂದರು. ಮುಂದೆ ಅದೇ ಏರ್ಪಾಡಾಯಿತು. ಒಳಗಿರುವವನ ಮುಖವನ್ನು ಮಾತ್ರ ಅವರು ನೋಡಲಿಲ್ಲ. ಅವರು ಬರುವ ಮೊದಲೇ ಇವನು ಒಳಗೆ ಹೊಕ್ಕಿರುತ್ತಿದ್ದ, ಅವರು ಹೋದ ಮೇಲೆ ಹೊರಗೆ ಬರುತ್ತಿದ್ದ.

ಇದರಿಂದ ತಗಡಣ್ಣನಿಗೆ ಒಂದು ಅಭ್ಯಾಸ ಅಂಟಿಕೊಂಡಿತು. ಎದುರಿನವರು ಮಾತಾಡುವಾಗ ಅವನ ತುಟಿಗಳೂ ಅವರೊಡನೆ ಅದೇ ಮಾತನ್ನು ಸದ್ದಿಲ್ಲದೆ ಆಡುತ್ತಿದ್ದವು. ತಗಡಿನೊಳಗೆ ಯಾರು ನೋಡುತ್ತಾರೆ?

ಕಾಲ ಬದಲಾಯಿತು. ಯಂತ್ರಮಾನವರನ್ನು ಕಂಪ್ಯೂಟರಿನಲ್ಲೇ ಬರೆಯತೊಡಗಿದರು. ತಗಡಣ್ಣ ಹೆಂಡತಿಯ ಹೊಲಿಗೆ ಅಂಗಡಿಯಲ್ಲಿ ಗುಂಡಿ ಹೊಲಿದ, ಇಸ್ತ್ರಿ ಹಾಕಿದ, ತಯಾರಾದ ಬಟ್ಟೆಗಳನ್ನು ಮನೆಮನೆಗೆ ತಲುಪಿಸಿದ. ಅವನ ಹೆಂಡತಿ ನನಗೆ ತಂಗಿಯ ಸಮಾನ, ಕೈಚಳಕದ ಹೆಂಗಸು. ದೂರದರ್ಶನದ ಅಪರಾಧ ಧಾರಾವಾಹಿಯೊಂದಕ್ಕೆ ಪೊಲೀಸ್ ಸಮವಸ್ತ್ರಗಳನ್ನು ಹೊಲಿದು ಕೊಡುವ ಕೆಲಸ ಅವಳಿಗೆ ಸಿಕ್ಕಿತ್ತು. ಇನ್ಸ್‌ಪೆಕ್ಟರನ ಸಮವಸ್ತ್ರ ನೋಡಲು ನಿರ್ದೇಶಕಿ ತಾವೇ ಅಂಗಡಿಗೆ ಬಂದ ದಿನ, ಅದನ್ನು ತೊಡಬೇಕಾಗಿದ್ದ ನಟ ಬೇರೆ ಕೆಲಸ ಸಿಕ್ಕಿತೆಂದು ಕೈಕೊಟ್ಟಿದ್ದ. ಹೊಲಿಗೆ ಸರಿಯಿದೆಯೇ ಎಂದು ತೋರಿಸಲು ಅವಳು ಗಂಡನಿಗೇ ತೊಡಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ನಿರ್ದೇಶಕಿ ಬಟ್ಟೆಯನ್ನು ಬಿಟ್ಟು ಕತ್ತನ್ನೂ ಮುಖವನ್ನೂ ನೋಡುತ್ತ ನಿಂತರು. ಬೇರೆಯವನಿಗೆ ಹೊಲಿದದ್ದು ಇವನಿಗೆ ಸರಿಯಾಗಿ ಕೂತಿತ್ತು. ಹೀಗೆ ಎರಡನೆಯ ಸಲವೂ ಅವನಿಗೆ ಪಾತ್ರ ಸಿಕ್ಕಿದ್ದು ಅಳತೆಯ ಮೇಲೆ.

ಇದನ್ನು ‘ಜಾರುವುದು’ ಎನ್ನುತ್ತಾರೆ! ಈಚೆಗೆ ಸಿನಿಮಾದವರೂ ಅಂತರಿಕ್ಷದವರೂ ಸಾಲುಗಟ್ಟಿ ಈ ಧಾರಾವಾಹಿಗಳಿಗೆ ಬರುತ್ತಿದ್ದಾರೆ. ಪತ್ರಿಕೆಗಳು ಪ್ರತಿಯೊಬ್ಬರ ಬಗ್ಗೆಯೂ ಸೂತಕದ ಧಾಟಿಯಲ್ಲಿ ಬರೆಯುತ್ತವೆ. ಅಂತರಿಕ್ಷದಲ್ಲಿ ನಟನು ಹಸಿರು ಪರದೆಯತ್ತ ಕೈ ತೋರಿಸಿ ‘ಅಗೋ ಗ್ರಹ’ ಎಂದರಾಯಿತು. ಇಲ್ಲಿ ಮೇಜಿನ ಆಚೆ ಕುಳಿತ ಮನುಷ್ಯನ ಕಣ್ಣಲ್ಲಿ ಕಣ್ಣಿಟ್ಟು ಅವನು ಸುಳ್ಳು ಹೇಳುತ್ತಿದ್ದಾನೆಂದು ಮುಖದಲ್ಲೇ ತೋರಿಸಬೇಕು. ಯಾವುದು ಕಷ್ಟ? ಈ ಧಾರಾವಾಹಿಗಳಲ್ಲಿ ತಪ್ಪುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಕ್ತಸಿಕ್ತ ಚಾಕುವನ್ನು ಬರಿಗೈಯಲ್ಲಿ ಎತ್ತಿ ಬೆಳಕಿಗೆ ಹಿಡಿಯುವ ಇನ್ಸ್‌ಪೆಕ್ಟರುಗಳನ್ನು ಕಂಡು ನಾನು ಕುರ್ಚಿಯಿಂದ ಎದ್ದಿದ್ದುಂಟು. ಆ ವಿಷಯ ಬೇರೆ.

ಮೊದಲ ಕಥೆಯ ಚಿತ್ರೀಕರಣದಲ್ಲಿಯೇ ಅನಾಹುತವಾಯಿತು. ಆರೋಪಿ ಮಾತಾಡುತ್ತಿದ್ದ, ನಿರ್ದೇಶಕಿ “ಕಟ್” ಎಂದರು. ಅಂದಿನ ಮಾತುಕತೆಯನ್ನು ತಗಡಣ್ಣ ಸಂಜೆ ನಮ್ಮ ಮನೆಯಲ್ಲಿ ಇಬ್ಬರ ಧ್ವನಿಯಲ್ಲೂ ಮಾಡಿ ತೋರಿಸಿದ.

“ಸಾರ್, ಆರೋಪಿ ಮಾತಾಡ್ತಿದಾನೆ. ನೀವೂ ಅವನ ಜೊತೆ ಮಾತಾಡ್ತಿದೀರಿ.”

“ನಾನು ಸುಮ್ನೇ ಇದ್ದೆನಲ್ಲ ಮೇಡಂ.”

“ನೀವು ಸುಮ್ನಿದ್ರಿ. ನಿಮ್ಮ ತುಟಿ ಸುಮ್ನಿರ್ಲಿಲ್ಲ. ಬನ್ನಿ ಇಲ್ಲಿ, ನೋಡಿ.”

ಪರದೆಯ ಮೇಲೆ ಅವನೇ ನೋಡಿದ. ಆರೋಪಿ ‘ನನಗೇನೂ ಗೊತ್ತಿಲ್ಲ’ ಎನ್ನುವಾಗ ಇನ್ಸ್‌ಪೆಕ್ಟರನ ತುಟಿಗಳೂ ‘ನನಗೇನೂ ಗೊತ್ತಿಲ್ಲ’ ಎನ್ನುತ್ತಿದ್ದವು.

“ಕೊಲೆ ಮಾಡ್ದೋನು ಅವನೋ ನೀವೋ ಅಂತ ಜನಕ್ಕೆ ಅನುಮಾನ ಬರತ್ತೆ ಸಾರ್” ಎಂದರಂತೆ ನಿರ್ದೇಶಕಿ. ಆ ಕಥೆಯಲ್ಲಿ ಅವನು ಕಾಣಿಸುವ ಕಡೆಯೆಲ್ಲ ಬೆನ್ನನ್ನೇ ಉಳಿಸಿಕೊಂಡು ಹೇಗೋ ದಾಟಿಸಿದರು. ಆಮೇಲೆ ಮೆಲ್ಲಗೆ ಹೇಳಿದರು: “ಮುಂದಿನ ಕಥೆಯ ಕೊನೇಲಿ ಗುಂಡಿನ ಚಕಮಕಿ ಇದೆ. ಪೊಲೀಸ್ರಲ್ಲಿ ಯಾರಿಗೆ ಗುಂಡು ಬೀಳ್ಬೇಕು ಅಂತ ಇನ್ನೂ ಬರೆದಿಲ್ಲ. ದಯವಿಟ್ಟು ನಿಮ್ಮ ಹೆಸರು ಬರೆಯೋ ಹಾಗೆ ಮಾಡ್ಬೇಡಿ.”

ತುಟಿ ಇನ್ನೊಮ್ಮೆ ಅಲ್ಲಾಡಿದರೆ ಇನ್ಸ್‌ಪೆಕ್ಟರ್ ಸಾಯುತ್ತಾನೆ, ತಗಡಣ್ಣ ಇಸ್ತ್ರಿ ಪೆಟ್ಟಿಗೆಯ ಮುಂದೆ ಮರಳಿ ನಿಲ್ಲುತ್ತಾನೆ. ಮುಖ ತೋರಿಸುವ ಪಾತ್ರಕ್ಕಾಗಿ ಅರ್ಧ ಆಯುಷ್ಯ ಕಾದವನಿಗೆ ಸಿಕ್ಕಿದ ಪಾತ್ರದಲ್ಲಿ ಉಳಿದದ್ದು ಬೆನ್ನು ಮಾತ್ರ. ನಗುನಗುತ್ತಲೇ ಹೇಳಿದನಾದರೂ ಅವನ ಕೈಯಲ್ಲಿದ್ದ ಚಹಾ ತಣ್ಣಗಾಗಿತ್ತು.

ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಎದ್ದಳು. “ಮನೇಲೇ ಅಭ್ಯಾಸ ಮಾಡ್ಸೋಣ. ರೀ, ನೀವು ಆರೋಪಿ.”

ಮಾರನೆಯ ದಿನದಿಂದ ನಮ್ಮ ಊಟದ ಮೇಜು ಠಾಣೆಯಾಯಿತು. ಒಂದು ಬದಿಗೆ ತಗಡಣ್ಣ, ಎದುರಿಗೆ ಮುಂದಿನ ಕಥೆಯ ಹಾಳೆಗಳನ್ನು ಹಿಡಿದ ನಾನು. ಗಡಿಯಾರದಂಗಡಿಯ ಮಾಲೀಕ ತನ್ನ ಪಾಲುದಾರನನ್ನು ಕೊಂದ ಕಥೆ. ತಪ್ಪೊಪ್ಪಿಗೆಯ ಮಾತು ಒಂದೂವರೆ ಪುಟ. ಓದಲು ತೊಡಗಿದ ನನಗೆ ಸಹಿಸಲಾಗಲಿಲ್ಲ.

“ಯಾವ ಆರೋಪಿಯೂ ಇಷ್ಟು ಉದ್ದಕ್ಕೆ, ಇಷ್ಟು ಅಲಂಕಾರವಾಗಿ ತಪ್ಪೊಪ್ಪಿಕೊಳ್ಳೋದಿಲ್ಲ. ನಾನು ಕೇಳಿರೋ ಒಂದು ತಪ್ಪೊಪ್ಪಿಗೆಯಲ್ಲೂ ‘ವಿಧಿ’ ಅನ್ನೋ ಪದ ಬಂದಿಲ್ಲ. ಇಲ್ಲಿ ನಾಲ್ಕು ಸಲ ಇದೆ.”

“ರೀ, ಕೊಲೆ ಮಾಡಿದೀನಿ ಅಂತ ಸುಮ್ನೆ ಒಪ್ಕೊಳ್ರೀ. ಊಟ ಆರ್ತಿದೆ” ಎಂದಳು ನನ್ನ ಹೆಂಡತಿ.

ನಾನು ಒಪ್ಪಿಕೊಂಡೆ. ತಗಡಣ್ಣನ ತುಟಿಗಳೂ ನನ್ನೊಡನೆ ಒಪ್ಪಿಕೊಂಡವು. ಮೂಲೆಯ ಕುರ್ಚಿಯಿಂದ ಅತ್ತೆಯವರು, “ಅಳಿಯಂದ್ರು ಹೇಳೋದಕ್ಕಿಂತ ನಮ್ಮ ಹುಡುಗ ತುಟೀಲಿ ಹೇಳೋದೇ ಚೆನ್ನಾಗಿದೆ” ಎಂದರು. ಯಾರಿಂದಲೂ ಸಹಾಯವಿಲ್ಲ.

ಉಪಾಯ ಹೊಳೆದದ್ದು ಅವನ ಹೆಂಡತಿಗೆ. ಬಟ್ಟೆಗೆ ಗುಂಡುಸೂಜಿ ಚುಚ್ಚುವಾಗ ಉಳಿದ ಸೂಜಿಗಳನ್ನು ತುಟಿಗಳ ನಡುವೆ ಕಚ್ಚಿಕೊಳ್ಳುವುದು ಎಲ್ಲ ದರ್ಜಿಗಳ ಪದ್ಧತಿ. ಆಗ ಗಿರಾಕಿ ಎಷ್ಟೇ ರೇಗಿಸಲಿ, ತುಟಿ ಪಿಟಕ್ಕೆನ್ನುವಂತಿಲ್ಲ.

“ಅಣ್ಣ, ಇವರಿಗೆ ಸೂಜಿ ಕೊಟ್ರೆ ನುಂಗ್ಬಿಡ್ತಾರೆ” ಎಂದು ನನ್ನತ್ತ ತಿರುಗಿ ಹೇಳಿ, ಗಂಡನಿಗೆ ಒಂದು ಕೋಟಿನ ಗುಂಡಿ ಕೊಟ್ಟಳು. “ಇದನ್ನ ಕೆಳತುಟಿ ಒಳಗಿಟ್ಕೊಂಡು ಒತ್ತಿ ಹಿಡೀರಿ. ತುಟಿ ಅಲ್ಲಾಡಿದ್ರೆ ಬೀಳತ್ತೆ.”

ಮೊದಮೊದಲು ಗುಂಡಿ ಮೇಜಿನ ಮೇಲೆ, ಮಡಿಲಲ್ಲಿ, ಒಮ್ಮೆ ಅತ್ತೆಯವರ ಲೋಟದಲ್ಲಿ ಬಿದ್ದಿತು. ವಾರ ಕಳೆಯುವಷ್ಟರಲ್ಲಿ ನಾನು ಕೊಲೆಯನ್ನು ಆದಿಯಿಂದ ಅಂತ್ಯದವರೆಗೆ ಒಪ್ಪಿಕೊಂಡರೂ ಗುಂಡಿ ಕದಲುತ್ತಿರಲಿಲ್ಲ.

ಆಗಲೇ ಸುದ್ದಿ ಬಂದಿತು: ಕೊಲೆಗಾರನ ಪಾತ್ರಕ್ಕೆ ಕ್ಯಾಪ್ಟನ್ ಬರುತ್ತಿದ್ದಾರೆ. ಈ ಧಾರಾವಾಹಿಗಳಲ್ಲಿ ಪ್ರತಿ ಕಥೆಗೂ ಒಬ್ಬ ಸಿನಿಮಾ ನಟ ಅತಿಥಿಯಾಗಿ ಬರುತ್ತಾರೆ. ಎಲ್ಲರಿಗಿಂತ ಹೆಸರುವಾಸಿಯಾದವರೇ ಕೊಲೆಗಾರರೆಂದು ನೋಡುವವರಿಗೆಲ್ಲ ಮೊದಲೇ ಗೊತ್ತು. ಅದೂ ನನ್ನ ತಕರಾರುಗಳಲ್ಲಿ ಒಂದು. ಆದರೆ ತಗಡಣ್ಣನ ಚಿಂತೆ ಬೇರೆಯಾಗಿತ್ತು.

“ಭಾವ, ಬೇರೆ ಯಾರ ಮುಂದಾದ್ರೂ ತಡ್ಕೋತೀನಿ. ಅವರ ಮಾತಂದ್ರೆ ನನ್ನ ತುಟಿ ನನ್ನ ಮಾತು ಕೇಳಲ್ಲ. ನೀವೂ ಬನ್ನಿ. ಅಲ್ಲಾಡಿದ ತಕ್ಷಣ ಕೆಮ್ಮಿ.”

ಹೋದೆ. ಹಳೆಯ ಶೀತಲಗೃಹವೊಂದನ್ನು ಸ್ಟುಡಿಯೋ ಮಾಡಿಕೊಂಡಿದ್ದರು. ಠಾಣೆಗೆ ಮೂರೇ ಗೋಡೆ. ಬಾಗಿಲು ತೆರೆದರೆ ಹಿಂದೆ ಬಣ್ಣದ ಡಬ್ಬಗಳು. ಗೋಡೆಯ ಮೇಲಿನ ಕ್ಯಾಲೆಂಡರ್ ಮೂರು ವರ್ಷ ಹಳೆಯದು. ಅದನ್ನು ತೋರಿಸಿದಾಗ ಕಲಾ ವಿಭಾಗದವರು ಯಾರೂ ನೋಡುವುದಿಲ್ಲವೆಂದರು. ನಾನು ನೋಡಿದ್ದೇನಲ್ಲ ಎಂದೆ. ಕೆಮ್ಮಿನ ಯೋಜನೆಯನ್ನು ಕೇಳಿದ ಧ್ವನಿಮುದ್ರಕ ಗಾಬರಿಯಾಗಿ ನನ್ನನ್ನು ಗಾಜಿನ ಕೋಣೆಯೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಕೊಟ್ಟು ಬಾಗಿಲು ಹಾಕಿದ. ನನ್ನ ಮುಂದೆ ಎರಡು ಪರದೆಗಳು: ಒಂದರಲ್ಲಿ ಕ್ಯಾಪ್ಟನ್, ಇನ್ನೊಂದರಲ್ಲಿ ತಗಡಣ್ಣನ ಮುಖ, ಪರದೆಯ ತುಂಬ.

ಕ್ಯಾಪ್ಟನ್ನರ ಕೂದಲು ನೆರೆತಿತ್ತು, ಗತ್ತು ಹಾಗೆಯೇ ಇತ್ತು. ಕೈಕುಲುಕಿ, “ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ” ಎಂದರು.

“ಇಲ್ಲ ಸಾರ್, ನೀವು ನೋಡಿಲ್ಲ” ಎಂದ ತಗಡಣ್ಣ. ಅಕ್ಷರಶಃ ಸತ್ಯವಾದ ಉತ್ತರ. ತಾನು ಯಾರೆಂದು ಹೇಳಿದರೆ ಅವರು ಮತ್ತೆ ಪಿಸುಮಾತಿಗೆ ಕಾಯುತ್ತಾರೆಂಬ ಭಯ ಅವನಿಗೆ.

ದೃಶ್ಯ ಶುರುವಾಯಿತು. ಕ್ಯಾಪ್ಟನ್ ಚೆನ್ನಾಗಿಯೇ ಹೊರಟರು. ತಗಡಣ್ಣನ ತುಟಿಯೊಳಗಿನ ಗುಂಡಿ ಕದಲಲಿಲ್ಲ. ನಿರ್ದೇಶಕಿ ಹೆಬ್ಬೆರಳೆತ್ತಿದ್ದೂ ಕಾಣಿಸಿತು.

“ಬಾಗಿಲು ತಟ್ಟಿದೆ. ಅವನೇ ತೆಗೆದ. ನನ್ನ ನೋಡಿ ನಕ್ಕ...” ಎಂದು ಕ್ಯಾಪ್ಟನ್ ನಿಂತರು.

ನಟನೆಯ ಮೌನವೆಂದು ಎಲ್ಲರೂ ಮೆಚ್ಚುಗೆಯಿಂದ ಕಾದರು. ಮೌನ ಬೆಳೆಯಿತು. ಕ್ಯಾಪ್ಟನ್ನರ ಕಣ್ಣು ಮೆಲ್ಲಗೆ ತಮ್ಮ ಎಡ ಭುಜದ ಪಕ್ಕಕ್ಕೆ ಹೊರಳಿತು. ಆ ಜಾಗ ಖಾಲಿಯಾಗಿತ್ತು. ವಯಸ್ಸಾದ ಆ ಮುಖದಲ್ಲಿ ಹೆದರಿಕೆ ಮೂಡಿದ್ದನ್ನು ನಾನು ಕಂಡೆ. ಬೆಳಗಿನಿಂದ ಎರಡು ಸಲ ಹೀಗೆ ತಡವರಿಸಿದ್ದರಂತೆ. ಮೂಲೆಯಲ್ಲಿ ಯಾರೋ ಯಾರದೋ ಕಿವಿಯಲ್ಲಿ ಏನೋ ಅನ್ನುತ್ತಿದ್ದರು.

ಇನ್ನೊಂದು ಪರದೆಯಲ್ಲಿ ತಗಡಣ್ಣನ ಕೆಳತುಟಿ ನಡುಗಿತು. ಮುಂದಿನ ಮಾತು ಅವನಿಗೆ ಗೊತ್ತು. ಅದನ್ನು ನಾನೇ ಎಷ್ಟೋ ಸಲ ಓದಿ ಹೇಳಿದ್ದೆ. ಪಿಸುಗುಟ್ಟಿದರೆ ಇನ್ಸ್‌ಪೆಕ್ಟರ್ ಸತ್ತ. ಸುಮ್ಮನಿದ್ದರೆ ಕ್ಯಾಪ್ಟನ್ನರ ಮಾನ ಹೋಯಿತು. ಗಾಜಿನ ಹಿಂದೆ ನಾನು ನನಗರಿವಿಲ್ಲದೆ ಕೆಮ್ಮಿದೆ, ಯಾರಿಗೂ ಕೇಳಿಸಲಿಲ್ಲ.

ತಗಡಣ್ಣ ಗುಂಡಿಯನ್ನು ನಾಲಿಗೆಯಿಂದ ಕೆನ್ನೆಗೆ ತಳ್ಳಿದ. ಮೇಜಿನ ಮೇಲೆ ಮೊಣಕೈ ಊರಿ ಮುಂದಕ್ಕೆ ಬಾಗಿ, ತಗ್ಗಿದ ಸ್ವರದಲ್ಲಿ ಕೇಳಿದ:

“ನಕ್ಕ. ಮೇಜಿನ ಮೇಲೆ ಏನಿತ್ತು?”

ಕ್ಯಾಪ್ಟನ್ ಬೆಚ್ಚಿ ತಲೆಯೆತ್ತಿದರು. ಹಾಳೆಯಲ್ಲಿ ಇಂಥ ಪ್ರಶ್ನೆ ಇರಲಿಲ್ಲ.

“ಮೇಜಿನ ಮೇಲೆ... ಗಡಿಯಾರ. ಬಿಚ್ಚಿ ಹಾಕಿದ್ದ.”

“ಯಾರದು?”

“ನಮ್ಮಪ್ಪಂದು.” ಕಣ್ಣಿಗೆ ಬೆಳಕು ಬಂದಿತು. “ನಮ್ಮಪ್ಪನ ಗಡಿಯಾರ ಬಿಚ್ಚಿ, ಬಿಡಿಭಾಗ ಮಾರೋಕೆ ಇಟ್ಟಿದ್ದ!”

“ಆಗ ನಿಮ್ಮ ಕೈಯಲ್ಲಿ?”

“ಬರೋವಾಗ ಬರಿಗೈ ಸಾರ್. ಸುತ್ತಿಗೆ ಅವನದೇ. ಅಲ್ಲೇ ಇತ್ತು.”

ಒಂದೊಂದು ಪ್ರಶ್ನೆಗೂ ಒಂದೊಂದು ಉತ್ತರ, ಹಗ್ಗ ಹಿಡಿದು ಬಾವಿಯಿಂದ ಮೇಲೆ ಬರುವವನಂತೆ ಕ್ಯಾಪ್ಟನ್ ಕೊಲೆಯ ಕೊನೆಯವರೆಗೂ ಬಂದರು. ಒಂದೂವರೆ ಪುಟದ ‘ವಿಧಿ’ಯಲ್ಲಿ ಒಂದೂ ಉಳಿಯಲಿಲ್ಲ. ಹೆಡ್‌ಫೋನಿನಲ್ಲಿ ಕಥೆ ಬರೆದವನ ದನಿ ಕೇಳಿಸಿತು: “ಇದ್ಯಾವ್ದೂ ನಾನು ಬರೆದಿಲ್ಲ!” ನಿರ್ದೇಶಕಿಯ ದನಿ: “ಶ್! ಇನ್ಮೇಲೆ ಹೀಗೇ ಬರಿ.” ಮರೆತವನನ್ನು ಹೀಗೆ ಕೈಹಿಡಿದು ನಡೆಸುವ ಪ್ರಶ್ನೆಗಳಿಗೆ ನ್ಯಾಯಾಲಯದಲ್ಲಿ ಎದುರು ವಕೀಲರು ಆಕ್ಷೇಪಣೆ ಎತ್ತುತ್ತಿದ್ದರು. ಅಲ್ಲಿ ವಕೀಲರಿರಲಿಲ್ಲ. ಇದ್ದಿದ್ದರೂ ಅಂದು ನಾನು ಬರೆದುಕೊಳ್ಳುತ್ತಿರಲಿಲ್ಲ.

“ಕಟ್” ಎಂದ ಮೇಲೆ ಕ್ಯಾಪ್ಟನ್ ಕುರ್ಚಿಯಿಂದೆದ್ದು ಮೇಜನ್ನು ಸುತ್ತಿ ಬಂದರು. ಇನ್ಸ್‌ಪೆಕ್ಟರನ ಎದೆಯನ್ನು ಗೆಣ್ಣಿನಿಂದ ಎರಡು ಸಲ ತಟ್ಟಿದರು.

“ಒಳಗಿರೋನು ನೀನೇ ಅಲ್ವೇನಯ್ಯಾ? ಈ ದನಿ ನಂಗೆ ನಿದ್ದೇಲೂ ಗೊತ್ತಾಗತ್ತೆ.”

“ನಾನೇ ಸಾರ್.”

“ಇಷ್ಟು ಚೆನ್ನಾಗಿರೋ ಮುಖಾನ ಯಾಕಪ್ಪಾ ಡಬ್ಬೀಲಿ ಇಟ್ಟಿದ್ರು?”

“ಅಳತೆ ಸರಿಯಾಗಿತ್ತು ಸಾರ್.”

ಕ್ಯಾಪ್ಟನ್ ನಕ್ಕ ನಗೆಗೆ ಠಾಣೆಯ ಒಂದು ಗೋಡೆ ಅಲುಗಾಡಿತು. ಉತ್ಪ್ರೇಕ್ಷೆಯಲ್ಲ, ಅದು ಹಲಗೆಯ ಗೋಡೆ, ಅವರು ಅದಕ್ಕೆ ಒರಗಿದ್ದರು. ಇನ್ನು, ಆ ದೃಶ್ಯದಲ್ಲಿ ಇನ್ಸ್‌ಪೆಕ್ಟರನ ಮಾತು ಕೊಂಚ ದಪ್ಪಗೆ, ನಿಧಾನವಾಗಿ ಕೇಳಿಸುತ್ತದೆ. ವಾರಪತ್ರಿಕೆ ಅದನ್ನು ‘ಠಾಣೆಗಳ ಅಧ್ಯಯನದಿಂದ ದಕ್ಕಿದ ಲಯ’ ಎಂದಿದೆ. ಅದು ಕೆನ್ನೆಯಲ್ಲಿದ್ದ ಗುಂಡಿ.

ಗುಂಡಿನ ವಿಷಯ ಮಾತ್ರ ಇತ್ಯರ್ಥವಾಗಿರಲಿಲ್ಲ. ನಿರ್ದೇಶಕಿ ತಗಡಣ್ಣನನ್ನು ಪಕ್ಕಕ್ಕೆ ಕರೆದು ಏನೋ ಹೇಳಿದರು. ನಾನು ಗಾಜಿನ ಹಿಂದೆಯೇ ಇದ್ದೆ. ಅವನು ತಲೆಯಾಡಿಸಿದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೇಳಿದೆ.

“ಏನಂದ್ರಯ್ಯಾ?”

“ಮನೇಲಿ ಹೇಳ್ತೀನಿ ಭಾವ. ಅಕ್ಕ ಮೊದ್ಲು ಕೇಳ್ಬೇಕು.”

“ನಾನು ಪ್ರತ್ಯಕ್ಷ ಸಾಕ್ಷಿ.”

“ಸಾಕ್ಷಿಗಳಿಗೆ ತೀರ್ಪು ಮೊದ್ಲೇ ಹೇಳ್ತಾರಾ ಭಾವ?”



ನಮ್ಮ ಮನೆಯ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು. ಅವಳ ಹಿಂದೆ ಅವನ ಹೆಂಡತಿ, ಕೊರಳಲ್ಲಿ ಅಳತೆ ಪಟ್ಟಿ; ಅಂಗಡಿ ಮುಚ್ಚಿ ಹಾಗೆಯೇ ಬಂದಿದ್ದಳು. ಇನ್ನೂ ಹಿಂದೆ ಅತ್ತೆಯವರು.

“ಸತ್ತ್ಯೋ ಬದುಕಿದ್ಯೋ? ಬೇಗ ಹೇಳು” ಎಂದಳು ನನ್ನ ಹೆಂಡತಿ.

“ಗುಂಡು ಹವಾಲ್ದಾರನಿಗೆ ಬಿತ್ತು ಅಕ್ಕ. ಭುಜಕ್ಕೆ ಅಷ್ಟೆ. ಹೆಂಡತಿ ಹೆರಿಗೆಗೆ ರಜಾ ಬೇಕು ಅಂತ ಅವನೇ ಕೇಳ್ಕೊಂಡ.”

“ನೀನು?”

“ನಾನು ಇರ್ತೀನಿ. ಪ್ರತಿ ಕಥೇಲೂ. ಮುಖ ಈ ಕಡೇಗೇ ಇಡ್ತಾರಂತೆ.”

ಅವನ ಹೆಂಡತಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡು, “ಹಾಗಾದ್ರೆ ಇಸ್ತ್ರಿಗೆ ಬೇರೆ ಯಾರನ್ನಾದ್ರೂ ನೋಡ್ಬೇಕು” ಎಂದಳು.

“ಅದನ್ನ ಆಮೇಲೆ ನೋಡ್ಕೊಂಡ್ರಾಯ್ತು” ಎಂದಳು ನನ್ನ ಹೆಂಡತಿ. “ನೀನು ಕಾಲು ಒರೆಸ್ಕೊಂಡು ಒಳಗೆ ಬಾ. ನೆಲ ಈಗ ತಾನೇ ಒರೆಸಿದೀನಿ.”

ಇನ್ಸ್‌ಪೆಕ್ಟರ್ ಎರಡೂ ಕಾಲುಗಳನ್ನು ಚೆನ್ನಾಗಿ ಒರೆಸಿಕೊಂಡು ಒಳಗೆ ಬಂದ.